ಕೈ ಅತ್ತ, ಮೋರೆ ಇತ್ತ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಹಡಗು ತಿರುಗುವ ವಿಷಯದ್ದೇ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಕುಂಬಳೆಯವನು. 31 ವರ್ಷ ಸರಕು ಹಡಗುಗಳಲ್ಲಿ ದುಡಿದೆ. ಅದರಲ್ಲಿ ಜಾಸ್ತಿ ಹೊತ್ತು ಕಳೆದದ್ದು ಚುಕ್ಕಾಣಿ ಚಕ್ರದ ಹಿಂದೆ ನಿಂತು.

ಪ್ರಶ್ನೆ: ಟೈಟಾನಿಕ್ ಬಗ್ಗೆ ಟಿವಿಯಲ್ಲಿ ಒಂದು ಕಾರ್ಯಕ್ರಮ ನೋಡಿದೆ. ಹಿಮದ ಗುಡ್ಡೆ ಕಂಡ ಕೂಡಲೇ ಅಧಿಕಾರಿ 'ಹಾರ್ಡ್ ಎ ಸ್ಟಾರ್‌ಬೋರ್ಡ್' ಎಂದು ಕೂಗಿದನಂತೆ. ಸ್ಟಾರ್‌ಬೋರ್ಡ್ ಎಂದರೆ ಬಲಬದಿ ಎಂದು ನೀವೇ ಹಿಂದೆ ಬರೆದಿದ್ದಿರಿ. ಆದರೆ ಹಡಗು ತಿರುಗಿದ್ದು ಎಡಕ್ಕೆ! ತಪ್ಪು ಕಾರ್ಯಕ್ರಮದವರದ್ದೋ, ಚಕ್ರ ಹಿಡಿದವನದ್ದೋ?
— ನಿವೃತ್ತ ಅಧ್ಯಾಪಕ, ಬದಿಯಡ್ಕ

ಉತ್ತರ: ಮಾಷ್ಟ್ರೇ, ಇಬ್ಬರದ್ದೂ ತಪ್ಪಲ್ಲ. ಆ ಕಾಲದಲ್ಲಿ ಆ ಮಾತಿನ ಅರ್ಥವೇ ಹಾಗಿತ್ತು. ಹಡಗು ಪೂರ್ತಿ ಎಡಕ್ಕೆ ತಿರುಗಬೇಕಾದರೆ 'ಹಾರ್ಡ್ ಎ ಸ್ಟಾರ್‌ಬೋರ್ಡ್' ಎಂದೇ ಹೇಳಬೇಕಿತ್ತು.

ಯಾಕೆ ಹೀಗೆ ಎನ್ನುವುದು ನನಗೆ ಗೊತ್ತಾದದ್ದು ಹಡಗಿನಲ್ಲಿ ಅಲ್ಲ, ನಮ್ಮ ಶಿರಿಯ ಹೊಳೆಯಲ್ಲಿ. ನನಗಾಗ ಎಂಟು ವರ್ಷ. ಸೋದರಮಾವನ ದೋಣಿ. ದೋಣಿಯ ಹಿಂಬದಿಯಲ್ಲಿ ಮರದ ಚುಕ್ಕಾಣಿ. ಅದರ ತಲೆಗೆ ಒಂದು ಉದ್ದದ ಹಿಡಿ ಸಿಕ್ಕಿಸಿತ್ತು. ಆ ಹಿಡಿ ದೋಣಿಯ ಒಳಕ್ಕೆ, ಕುಳಿತವರ ಕಡೆಗೆ ಚಾಚಿಕೊಂಡಿರುತ್ತದೆ. ಎಷ್ಟೋ ವರ್ಷ ಕೈ ತಾಗಿ ಆ ಮರ ನುಣ್ಣಗೆ, ಕಪ್ಪಗೆ ಆಗಿತ್ತು. ಮುಟ್ಟಿದರೆ ಕೈಗೆಲ್ಲ ಮೀನೆಣ್ಣೆಯ ವಾಸನೆ. ಮಾವ ಅದನ್ನು ನನ್ನ ಕೈಗೆ ಕೊಟ್ಟು, 'ಸ್ವಲ್ಪ ಬಲಕ್ಕೆ ಹೋಗುವ' ಎಂದರು. ನಾನು ಹಿಡಿಯನ್ನು ಬಲಕ್ಕೆ ದೂಡಿದೆ. ದೋಣಿ ಎಡಕ್ಕೆ ಹೊರಳಿ ಸೀದಾ ಕಾಂಡ್ಲಾ ಪೊದೆಗೆ ನುಗ್ಗಿತು.

ಮಾವ ಬೈಯಲಿಲ್ಲ. ಕೊಂಬೆಗಳನ್ನು ಸರಿಸಿ ದೋಣಿಯನ್ನು ಹಿಂದಕ್ಕೆ ನೂಕಿದರು. ಆಮೇಲೆ ಹೇಳಿದರು: 'ಕೈ ಅತ್ತ ಹೋದರೆ ಮೋರೆ ಇತ್ತ ಬರ್ತದೆ. ನೀನು ಕೈ ನೋಡಬೇಡ, ಮೋರೆ ನೋಡು.' ಆಮೇಲೆ ಎಡ, ಬಲ ಎನ್ನುವುದನ್ನೇ ಬಿಟ್ಟರು. 'ಆ ಬಾಗಿದ ತೆಂಗಿನ ಮರ ಉಂಟಲ್ಲ, ಅದಕ್ಕೆ ಮೋರೆ ಮಾಡು' ಎನ್ನುತ್ತಿದ್ದರು. ಒಂದು ವಾರದಲ್ಲಿ ಕೈ ತಾನಾಗಿ ಕಲಿತಿತು.

ನಡೆಯುವುದು ಇಷ್ಟೇ. ಹಿಡಿ ಬಲಕ್ಕೆ ಹೋದರೆ ನೀರಿನೊಳಗಿನ ಹಲಗೆ ಎಡಕ್ಕೆ ಹೋಗುತ್ತದೆ. ಹರಿದು ಬರುವ ನೀರು ಆ ಹಲಗೆಗೆ ಬಡಿದು ದೋಣಿಯ ಹಿಂಭಾಗವನ್ನು ಬಲಕ್ಕೆ ತಳ್ಳುತ್ತದೆ. ಹಿಂಭಾಗ ಬಲಕ್ಕೆ ಸರಿದರೆ ಮೋರೆ ಎಡಕ್ಕೆ. ಕಣ್ಣಾರೆ ನೋಡಬೇಕಾದರೆ ಕಾಸರಗೋಡು ಪೇಟೆಗೆ ಹೋದಾಗ ಕಸಬಾ ಕಡಪ್ಪುರಕ್ಕೆ ಒಂದು ಸುತ್ತು ಹೋಗಿ ಬನ್ನಿ. ಔಟ್‌ಬೋರ್ಡ್ ಇಂಜಿನ್ ಕಟ್ಟಿದ ದೋಣಿಯಲ್ಲಿ ಹಿಂದೆ ಕುಳಿತವನ ಮೊಣಕೈಯನ್ನೇ ಗಮನಿಸಿ. ಅವನು ಇಂಜಿನಿನ ಹಿಡಿಯನ್ನು ಎಡಕ್ಕೆ ತಂದ ಕೂಡಲೇ ದೋಣಿ ಬಲಕ್ಕೆ ತಿರುಗುತ್ತದೆ.

ದೊಡ್ಡ ಹಡಗುಗಳಲ್ಲೂ ಮೊದಲು ಹೀಗೆ ಹಿಡಿಯೇ ಇತ್ತು. ಆಜ್ಞೆ ಹುಟ್ಟಿದ್ದು ಆ ಹಿಡಿಗೆ. 'ಸ್ಟಾರ್‌ಬೋರ್ಡ್' ಎಂದರೆ ಹಿಡಿಯನ್ನು ಬಲಕ್ಕೆ ಹಾಕು ಎಂದು, ಹಡಗನ್ನು ಬಲಕ್ಕೆ ತಿರುಗಿಸು ಎಂದಲ್ಲ. 18ನೇ ಶತಮಾನದಲ್ಲಿ ಚಕ್ರ ಬಂತು. ಹಿಡಿ ಕಣ್ಣಿಗೆ ಕಾಣದಂತಾಯಿತು. ಆದರೆ ಮಾತು ಮಾತ್ರ ಹಿಡಿಯದ್ದೇ ಉಳಿಯಿತು. ಒಂದು ತಲೆಮಾರಿನವರು ಇನ್ನೊಂದು ತಲೆಮಾರಿಗೆ ಕಲಿಸುತ್ತ ಬಂದರು. ಎಲ್ಲರಿಗೂ ಅದೇ ರೂಢಿ, ಹಾಗಾಗಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ಈಗ ಟೈಟಾನಿಕ್‌ಗೆ ಬರೋಣ. 1912ರ ಏಪ್ರಿಲ್ 14, ರಾತ್ರಿ 11.40. ಹಡಗಿನ ವೇಗ 22 ನಾಟ್‌ಗಿಂತ ಸ್ವಲ್ಪ ಜಾಸ್ತಿ. ನಮ್ಮ ಲೆಕ್ಕದಲ್ಲಿ ಗಂಟೆಗೆ 40 ಕಿಲೋಮೀಟರ್ ದಾಟುತ್ತದೆ. ಮೇಲೆ ಕಾವಲಿದ್ದ ಫ್ರೆಡರಿಕ್ ಫ್ಲೀಟ್ ಗಂಟೆಯನ್ನು ಮೂರು ಸಲ ಬಾರಿಸಿ ಫೋನ್ ಮಾಡಿದ. ಮೊದಲ ಅಧಿಕಾರಿ ವಿಲಿಯಂ ಮರ್ಡಾಕ್ 'ಹಾರ್ಡ್ ಎ ಸ್ಟಾರ್‌ಬೋರ್ಡ್' ಎಂದ. ಚಕ್ರ ಹಿಡಿದಿದ್ದವ ರಾಬರ್ಟ್ ಹಿಚನ್ಸ್. ಅವನು ಚಕ್ರವನ್ನು ಕೊನೆತನಕ ತಿರುಗಿಸಿದ. ಪಕ್ಕದಲ್ಲಿದ್ದ ಆರನೇ ಅಧಿಕಾರಿ ಜೇಮ್ಸ್ ಮೂಡಿ, ಆಜ್ಞೆ ನಡೆದಿದೆ ಎಂದು ಮರ್ಡಾಕ್‌ಗೆ ತಿರುಗಿ ಹೇಳಿದ. ಹಡಗು ಸುಮಾರು ಎರಡು ಪಾಯಿಂಟ್ ಎಡಕ್ಕೆ ತಿರುಗಿತ್ತು, ಅಷ್ಟರಲ್ಲಿ ತಾಗಿತು ಎಂದು ಹಿಚನ್ಸ್ ವಿಚಾರಣೆಯಲ್ಲಿ ಹೇಳಿದ್ದಾನೆ. ಒಂದು ಪಾಯಿಂಟ್ ಎಂದರೆ ಹನ್ನೊಂದೂಕಾಲು ಡಿಗ್ರಿ. ಎಡಕ್ಕೆ ತಿರುಗುತ್ತಿದ್ದ ಕಾರಣಕ್ಕೇ ಪೆಟ್ಟು ಬಿದ್ದದ್ದು ಬಲಬದಿಗೆ. ಎಲ್ಲವೂ ಒಂದಕ್ಕೊಂದು ಸರಿಯಾಗಿ ಕೂಡುತ್ತದೆ, ಅಲ್ವಾ?

ಇದರ ಮೇಲೆ ಒಂದು ಕಥೆ ಓಡಾಡುತ್ತಿದೆ. ಹಾಯಿಹಡಗಿನ ಆಜ್ಞೆ ಬೇರೆ, ಉಗಿಹಡಗಿನ ಆಜ್ಞೆ ಬೇರೆ, ಆ ಗೊಂದಲದಲ್ಲಿ ಹಿಚನ್ಸ್ ಚಕ್ರವನ್ನು ತಪ್ಪು ಕಡೆಗೆ ತಿರುಗಿಸಿದ ಎಂದು. ನಾನು ಅದನ್ನು ಒಪ್ಪುವುದಿಲ್ಲ. ಆಗಿನ ಬ್ರಿಟಿಷ್ ಹಡಗುಗಳಲ್ಲಿ ಹಾಯಿಯದ್ದಾಗಲಿ ಉಗಿಯದ್ದಾಗಲಿ ಆಜ್ಞೆ ಒಂದೇ ರೀತಿ ಇತ್ತು. ಅವನು ಕಲಿತದ್ದೂ ಅದನ್ನೇ, ಪ್ರತಿದಿನ ಮಾಡುತ್ತಿದ್ದದ್ದೂ ಅದನ್ನೇ. 1,500ಕ್ಕಿಂತ ಹೆಚ್ಚು ಜನ ಸತ್ತ ರಾತ್ರಿಯ ಹೊರೆಯನ್ನು ಚಕ್ರ ಹಿಡಿದ ಒಬ್ಬನ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ನಾನೂ ಅದೇ ಕೆಲಸ ಮಾಡಿದವನು. ಹಾಗಾಗಿ ಈ ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

ಆದರೆ ಆ ಹಳೆಯ ರೂಢಿ ಅಪಾಯದ್ದೇ. ಬೇರೆ ಬೇರೆ ದೇಶದವರು ಒಂದೇ ಹಡಗಿನಲ್ಲಿ ದುಡಿಯುವಾಗ, ಒಬ್ಬನಿಗೆ 'ಬಲ' ಎಂದರೆ ಕೈ, ಇನ್ನೊಬ್ಬನಿಗೆ 'ಬಲ' ಎಂದರೆ ಮೋರೆ ಆದರೆ ಏನು ಗತಿ? 1929ರಲ್ಲಿ ಲಂಡನ್‌ನಲ್ಲಿ ಸೇರಿದ ಸಮುದ್ರ ಸುರಕ್ಷತೆಯ ಸಮ್ಮೇಳನದಲ್ಲಿ ಇದಕ್ಕೊಂದು ತೀರ್ಮಾನ ಆಯಿತು. ಬ್ರಿಟಿಷ್ ಹಡಗುಗಳಲ್ಲಿ 1933ರಿಂದ ಜಾರಿಗೆ ಬಂತು. ಅಲ್ಲಿಂದ ಈಚೆಗೆ 'ಸ್ಟಾರ್‌ಬೋರ್ಡ್' ಎಂದರೆ ಚಕ್ರ ಬಲಕ್ಕೆ, ನೀರಿನೊಳಗಿನ ಹಲಗೆ ಬಲಕ್ಕೆ, ಹಡಗಿನ ಮೋರೆಯೂ ಬಲಕ್ಕೆ. ಮಾವನ ಮಾತಿಗೆ ಇಡೀ ಲೋಕ ಬಂದು ನಿಂತ ಹಾಗೆ ನನಗೆ ಅನ್ನಿಸುತ್ತದೆ: ಕೈ ನೋಡಬೇಡ, ಮೋರೆ ನೋಡು.

'ಹಾರ್ಡ್ ಎ ಸ್ಟಾರ್‌ಬೋರ್ಡ್' ಎನ್ನುವ ಮಾತು ಈಗಲೂ ಉಂಟು. ಬಲಕ್ಕೆ ಎಷ್ಟು ಹೋಗುತ್ತದೋ ಅಷ್ಟೂ ಹಾಕು ಎಂದು ಅರ್ಥ. ಹೆಚ್ಚಿನ ಹಡಗುಗಳಲ್ಲಿ ಅದು 35 ಡಿಗ್ರಿ. ಉಳಿದಂತೆ 'ಸ್ಟಾರ್‌ಬೋರ್ಡ್ ಟೆನ್', 'ಪೋರ್ಟ್ ಫೈವ್' ಎಂದು ಡಿಗ್ರಿ ಹೇಳುತ್ತಾರೆ. ಪೋರ್ಟ್ ಎಂದರೆ ಎಡಬದಿ. 'ಮಿಡ್‌ಶಿಪ್ಸ್' ಎಂದರೆ ಚುಕ್ಕಾಣಿಯನ್ನು ನಡುವಿಗೆ ತಾ. 'ಮೀಟ್ ಹರ್' ಎಂದರೆ ತಿರುಗುತ್ತಿರುವ ಹಡಗನ್ನು ಎದುರು ಚುಕ್ಕಾಣಿ ಹಾಕಿ ತಡೆ. 'ಸ್ಟೆಡಿ' ಎಂದರೆ ಹೊರಳುವುದನ್ನು ಆದಷ್ಟು ಬೇಗ ನಿಲ್ಲಿಸು. ಇದರಲ್ಲಿ ಕಷ್ಟದ್ದು 'ಮೀಟ್ ಹರ್'. ತುಂಬಿದ ಹಡಗು ಒಮ್ಮೆ ತಿರುಗಲು ಸುರು ಮಾಡಿದರೆ, ಚುಕ್ಕಾಣಿ ನಡುವಿಗೆ ಬಂದ ಮೇಲೂ ತಿರುಗುತ್ತಲೇ ಇರುತ್ತದೆ. ಅದು ನಿಲ್ಲುವ ಮೊದಲೇ ಎದುರು ಹಾಕಬೇಕು. ಎಷ್ಟು ಮೊದಲು ಎಂದು ಪುಸ್ತಕದಲ್ಲಿ ಇಲ್ಲ. ಕಾಲಡಿಯ ನೆಲದಲ್ಲೇ ಅದು ಗೊತ್ತಾಗಬೇಕು.

ಪ್ರತಿ ಆಜ್ಞೆಯನ್ನೂ ಚಕ್ರ ಹಿಡಿದವ ಗಟ್ಟಿಯಾಗಿ ತಿರುಗಿ ಹೇಳಬೇಕು ಎನ್ನುವುದು ನಿಯಮ. ಮಾಡಿ ಮುಗಿಸಿದ ಮೇಲೂ ಹೇಳಬೇಕು. ಮೊದಮೊದಲು ನನಗಿದು ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ ಅನ್ನಿಸುತ್ತಿತ್ತು. ಒಂದು ಬೆಳಗಿನ ಜಾವ ಅದರ ಬೆಲೆ ಗೊತ್ತಾಯಿತು. ಒಂದು ನದಿಯ ಬಂದರಿಗೆ ಒಳ ಹೋಗುತ್ತಿದ್ದೆವು. ಕಾಲುವೆ ಕಿರಿದು. ಬಂದರಿನ ದಾರಿ ತೋರಿಸಲು ಬಂದ ಪೈಲಟ್ 'ಪೋರ್ಟ್ ಟೆನ್' ಎಂದರು. ನಾನು 'ಪೋರ್ಟ್ ಟೆನ್, ಸರ್' ಎಂದೆ. ಬಾಯಿ ಸರಿಯಾಗಿ ಹೇಳಿತು. ಕೈ ಬಲಕ್ಕೆ ಹೋಯಿತು. ಎರಡು ರಾತ್ರಿ ಸರಿ ನಿದ್ದೆ ಇರಲಿಲ್ಲ. ಎದುರಿನ ಹಸಿರು ಬೋಯಾ, ಕಾಲುವೆಯ ಅಂಚಿಗೆ ಗುರುತಾಗಿ ತೇಲುವುದು, ನಿಧಾನಕ್ಕೆ ನಮ್ಮ ಮೋರೆಯ ನೇರಕ್ಕೆ ಬರಲು ಸುರುವಾಯಿತು. ಸೆಕೆಂಡ್ ಆಫೀಸರ್, ಚುಕ್ಕಾಣಿ ಯಾವ ಕಡೆ ಎಷ್ಟು ಹೋಗಿದೆ ಎಂದು ತೋರಿಸುವ ಮೇಲಿನ ರಡ್ಡರ್ ಇಂಡಿಕೇಟರನ್ನು ನೋಡುತ್ತಿದ್ದರು. 'ಪೋರ್ಟ್! ಪೋರ್ಟ್!' ಎಂದು ಕೂಗಿದರು. ನಾಲ್ಕೈದು ಸೆಕೆಂಡಿನೊಳಗೆ ಸರಿ ಮಾಡಿದೆ. ಏನೂ ಆಗಲಿಲ್ಲ. ಆದರೆ ಆ ಹಸಿರು ಬೋಯಾ ಈಗಲೂ ಕಣ್ಣ ಮುಂದೆ ಬರುತ್ತದೆ. ಅವತ್ತಿನಿಂದ ನಾನು ಬಾಯಲ್ಲಿ ಹೇಳಿ, ಕೈಯಲ್ಲಿ ಮಾಡಿ, ಇಂಡಿಕೇಟರಿನ ಮುಳ್ಳನ್ನು ನೋಡಿಯೇ ಎರಡನೇ ಸಲ ಹೇಳುತ್ತಿದ್ದೆ. ಮುಳ್ಳು ನೋಡದೆ ಹೇಳಿದ ಎರಡನೇ ಮಾತು ಸುಮ್ನೆ ಸದ್ದು, ಅಷ್ಟೇ.

ಎಡ, ಬಲ ಎನ್ನಲು ಪೋರ್ಟ್, ಸ್ಟಾರ್‌ಬೋರ್ಡ್ ಎಂಬ ಬೇರೆ ಮಾತುಗಳು ಯಾಕೆ ಬೇಕು ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ನಮ್ಮ ಮನೆಗಳಲ್ಲಿ 'ತೆಂಕು ಬದಿಯ ಕೋಣೆ', 'ಪಡು ಬದಿಯ ಬಾಗಿಲು' ಎನ್ನುವುದಿಲ್ಲವೇ? ನೀವು ಯಾವ ಕಡೆಗೆ ತಿರುಗಿ ನಿಂತರೂ ಪಡು ಪಡುವೇ. ಹಾಗೆಯೇ ಇದು. ಹಡಗಿನಲ್ಲಿ ನೀವು ಹಿಂದೆ ಮುಂದೆ ಯಾವ ಕಡೆ ನೋಡಿ ನಿಂತರೂ ಸ್ಟಾರ್‌ಬೋರ್ಡ್ ಬದಲಾಗುವುದಿಲ್ಲ. ಅದು ಹಡಗಿನ ಬಲ, ನಿಮ್ಮ ಬಲ ಅಲ್ಲ. ಹಿಂದೆ ಯುರೋಪಿನ ಬಡಗು ಕಡೆಯವರ ಹಡಗುಗಳಲ್ಲಿ ಚುಕ್ಕಾಣಿಯ ಹುಟ್ಟು ಬಲಬದಿಗೆ ಕಟ್ಟಿರುತ್ತಿತ್ತು. ಹಾಗಾಗಿ 'ಸ್ಟಿಯರ್' ಮಾಡುವ ಬದಿ ಸ್ಟಾರ್‌ಬೋರ್ಡ್ ಆಯಿತು. ಆ ಹುಟ್ಟು ಜಜ್ಜಿಹೋಗಬಾರದೆಂದು ದಕ್ಕೆಗೆ ಎಡಬದಿ ತಾಗಿಸುತ್ತಿದ್ದರು. ಎಡಬದಿಗೆ ಮೊದಲು 'ಲಾರ್‌ಬೋರ್ಡ್' ಎನ್ನುತ್ತಿದ್ದರು. ಗಾಳಿಯ ಗದ್ದಲದಲ್ಲಿ ಎರಡೂ ಒಂದೇ ಥರ ಕೇಳುತ್ತದೆ ಎಂದು 1844ರಲ್ಲಿ ಬ್ರಿಟಿಷ್ ನೌಕಾಪಡೆ ಅದನ್ನು ಬಿಟ್ಟು 'ಪೋರ್ಟ್' ಎನ್ನಬೇಕೆಂದು ಆಜ್ಞೆ ಹೊರಡಿಸಿತು.

ಪ್ರಶ್ನೆ: 'ಪಕ್ಷದ ಚುಕ್ಕಾಣಿ ಹಿಡಿದರು' ಎಂದು ಪತ್ರಿಕೆಗಳಲ್ಲಿ ದಿನಾ ಓದುತ್ತೇವೆ. ಚುಕ್ಕಾಣಿ ಕನ್ನಡದ್ದೇ ಶಬ್ದವೇ? ಮಕ್ಕಳು ಕೇಳಿದಾಗ ಉತ್ತರ ಹೇಳಲು ಆಗಲಿಲ್ಲ.
— ಕನ್ನಡ ಟೀಚರ್, ಮಂಜೇಶ್ವರ

ಉತ್ತರ: ಟೀಚರೇ, ಅದು ಕಡಲು ದಾಟಿ ಬಂದ ಶಬ್ದ. ಅರಬ್ಬಿಯಲ್ಲಿ 'ಸುಕ್ಕಾನ್' ಎಂದರೆ ಹಡಗನ್ನು ತಿರುಗಿಸುವ ಹಲಗೆ. ನಮ್ಮ ಪಕ್ಕದ ಮಲಯಾಳದಲ್ಲಿ 'ಚುಕ್ಕಾನ್', ತಮಿಳಿನಲ್ಲಿ 'ಸುಕ್ಕಾನ್'. ನಮ್ಮಲ್ಲಿ ಚುಕ್ಕಾಣಿ. ಅರಬ್ಬಿ ವ್ಯಾಪಾರಿಗಳು ಈ ಕರಾವಳಿಗೆ ಕಾಳುಮೆಣಸಿಗೆಂದು ಬಂದು ಹೋಗುತ್ತಿದ್ದ ಕಾಲದ ನೆನಪು ಅದು.

ಮಕ್ಕಳಿಗೆ ಹೇಳಲು ಒಂದು ಚಂದದ ಸಂಗತಿ ಉಂಟು. ಫಾರಸಿಯಲ್ಲಿ 'ಸುಕ್ಕಾನಿ' ಎಂದರೆ ಚುಕ್ಕಾಣಿ ಹಿಡಿಯುವ ಮನುಷ್ಯ. ವಸ್ತು ಅಲ್ಲ. ಹಿಂದಿ ಮಾತಾಡುವ ಹಡಗಿನವರು ನನ್ನನ್ನು 'ಸುಖಾನಿ' ಎಂದೇ ಕರೆಯುತ್ತಿದ್ದರು. ಬ್ರಿಟಿಷರ ಕಿವಿಗೆ ಅದು 'ಸೀಕನಿ' ಎಂದು ಕೇಳಿತು. 1886ರ ಹಾಬ್ಸನ್-ಜಾಬ್ಸನ್ ಕೋಶದಲ್ಲಿ ಆ ಶಬ್ದ ಸಿಗುತ್ತದೆ. ಮನುಷ್ಯನನ್ನು ಕರೆಯುವ ಆ ರೂಪವೇ ನಮ್ಮ ಬಾಯಲ್ಲಿ ಅವನ ಕೈಯ ವಸ್ತುವಿಗೆ ಹೆಸರಾಗಿ ನಿಂತಿರಬಹುದು ಎಂದು ನನಗೆ ಅನ್ನಿಸುತ್ತದೆ.

ಹಳೆಯ ಹಡಗುಗಳಲ್ಲಿ ನಮ್ಮ ಕಡೆಯ ಖಲಾಸಿಗಳದ್ದೇ ಒಂದು ಭಾಷೆ ಇತ್ತು. ಲಸ್ಕರಿ ಎನ್ನುತ್ತಿದ್ದರು. ಹಿಂದೂಸ್ತಾನಿ, ಅರಬ್ಬಿ, ಪೋರ್ಚುಗೀಸ್, ಇಂಗ್ಲಿಷ್ ಎಲ್ಲ ಬೆರೆತದ್ದು. ಥಾಮಸ್ ರೋಬಕ್ ಎಂಬ ಅಧಿಕಾರಿ 1811ರಲ್ಲಿ ಕಲ್ಕತ್ತೆಯಲ್ಲಿ ಅದಕ್ಕೊಂದು ನಿಘಂಟು ಮಾಡಿ ಅಚ್ಚು ಹಾಕಿಸಿದ. ಆ ನುಡಿಯಲ್ಲಿ ಹಡಗಿನ ಬಲಬದಿ 'ಜಮ್ನಾ', ಎಡಬದಿ 'ದಾವಾ'.

ಪತ್ರಿಕೆಯವರಿಗೆ ನನ್ನದೊಂದು ಮಾತು. 'ಚುಕ್ಕಾಣಿ ಹಿಡಿದರು' ಎಂದರೆ ದಾರಿ ನಿರ್ಧರಿಸುವ ಅಧಿಕಾರ ಸಿಕ್ಕಿತು ಎಂಬ ಅರ್ಥದಲ್ಲಿ ಬರೆಯುತ್ತೀರಿ. ಸಣ್ಣ ದೋಣಿಯಲ್ಲಿ ಅದು ಸರಿ. ಹಡಗಿನಲ್ಲಿ ಹಾಗಲ್ಲ. ಆಜ್ಞೆ ಕೊಡುವವರ ಕೈ ಖಾಲಿ ಇರುತ್ತದೆ. ಅವರು ಕಿಟಕಿಯ ಹತ್ತಿರ ನಿಂತು ದೂರ ನೋಡುತ್ತಿರುತ್ತಾರೆ. ಚುಕ್ಕಾಣಿ ಹಿಡಿದವನ ಕೆಲಸ ಕಿವಿ ಕೊಡುವುದು.

ಪ್ರಶ್ನೆ: ಹಾಯಿಹಡಗಿನ ಹಳೆಯ ದಿನಚರಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಟ್ಯಾಕ್ಡ್ ಶಿಪ್', 'ವೋರ್ ಶಿಪ್' ಎಂದು ಮತ್ತೆ ಮತ್ತೆ ಬರುತ್ತದೆ. ಎರಡಕ್ಕೂ 'ಹಡಗನ್ನು ತಿರುಗಿಸಿದೆವು' ಎಂದು ಬರೆಯುತ್ತಿದ್ದೇನೆ. ಸಾಕೇ?
— ಕಾಲೇಜು ವಿದ್ಯಾರ್ಥಿನಿ, ಹೊಸದುರ್ಗ

ಉತ್ತರ: ಸಾಕಾಗುವುದಿಲ್ಲ ಮಗಳೇ. ಎರಡೂ ತಿರುಗುವುದೇ, ಆದರೆ ಎರಡು ಬೇರೆ ಬೇರೆ ದಾರಿಯಿಂದ.

ಗಾಳಿ ಬರುವ ದಿಕ್ಕಿಗೆ ಸೀದಾ ಯಾವ ಹಾಯಿಯೂ ಹೋಗುವುದಿಲ್ಲ. ಸಣ್ಣ ದೋಣಿಯಾದರೆ ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹೋಗಬಹುದು. ಅಡ್ಡಮರಕ್ಕೆ ಚೌಕದ ಹಾಯಿ ಕಟ್ಟಿದ ದೊಡ್ಡ ಹಡಗಿಗೆ ಅಷ್ಟೂ ಆಗುವುದಿಲ್ಲ, ಹೆಚ್ಚುಕಡಿಮೆ 67 ಡಿಗ್ರಿ ಬೇಕು. ಪಡುಗಾಳಿ ಬೀಸುತ್ತಿರುವಾಗ ಪಡುವಿಗೇ ಹೋಗಬೇಕಾದರೆ ಸ್ವಲ್ಪ ದೂರ ಒಂದು ಓರೆ, ಆಮೇಲೆ ಇನ್ನೊಂದು ಓರೆ. ಗುಡ್ಡೆ ಹತ್ತುವಾಗ ದಾರಿ ಬಳಸಿ ಬಳಸಿ ಹೋಗುತ್ತದಲ್ಲ, ಹಾಗೆ. ಒಂದು ಓರೆಯಿಂದ ಇನ್ನೊಂದಕ್ಕೆ ಬರುವಾಗ ಹಡಗು ತಿರುಗಲೇಬೇಕು. ಮೋರೆಯನ್ನು ಗಾಳಿಯ ಎದುರಿನಿಂದ ದಾಟಿಸಿ ತಿರುಗಿದರೆ 'ಟ್ಯಾಕ್'. ಗಾಳಿಗೆ ಬೆನ್ನು ಕೊಟ್ಟು ದೊಡ್ಡ ಸುತ್ತು ಹಾಕಿ ತಿರುಗಿದರೆ 'ವೇರ್'. 'ವೋರ್' ಅದರ ಭೂತಕಾಲ. ಬಟ್ಟೆ ತೊಡುವ 'ವೇರ್'ಗೂ ಇದಕ್ಕೂ ಸಂಬಂಧ ಇಲ್ಲ. ಸಣ್ಣ ದೋಣಿಯವರು ಇದನ್ನೇ 'ಜೈಬ್' ಎನ್ನುತ್ತಾರೆ.

ಟ್ಯಾಕ್ ಮಾಡಿದರೆ ಗಳಿಸಿದ ದೂರ ಕಳೆದುಹೋಗುವುದಿಲ್ಲ. ಆದರೆ ವೇಗ ಸಾಲದಿದ್ದರೆ ಮೋರೆ ಗಾಳಿಯ ನಡುವೆಯೇ ಸಿಕ್ಕಿಬೀಳುತ್ತದೆ. ನನಗೆ ಇದರ ಅನುಭವ ಒಂದೇ ಸಲ ಆದದ್ದು. ಲೈಫ್‌ಬೋಟ್ ಪರೀಕ್ಷೆಗೆ ಬೊಂಬಾಯಿಯಲ್ಲಿ ತರಬೇತಿ. ಆಗಿನ ತೆರೆದ ಲೈಫ್‌ಬೋಟುಗಳಲ್ಲಿ ಕಿತ್ತಳೆ ಬಣ್ಣದ ಹಾಯಿ ಇರುತ್ತಿತ್ತು. ಹಿಡಿ ನನ್ನ ಕೈಯಲ್ಲಿ. ಶಿರಿಯ ಹೊಳೆಯ ಧೈರ್ಯದಲ್ಲಿ ಮೋರೆಯನ್ನು ಗಾಳಿಗೆ ತಂದೆ. ಅಲ್ಲಿಗೆ ಎಲ್ಲ ನಿಂತಿತು. ಹಾಯಿ ಹೊಡೆದುಕೊಳ್ಳುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಚುಕ್ಕಾಣಿಯನ್ನು ಅತ್ತ ಇತ್ತ ಮಾಡಿದರೂ ಕೈಗೆ ಭಾರವೇ ಸಿಗಲಿಲ್ಲ. ನೀರು ಹರಿಯದಿದ್ದರೆ ಚುಕ್ಕಾಣಿ ಬರೇ ಒಂದು ಹಲಗೆ ಎನ್ನುವುದು ಅವತ್ತು ಕೈಗೇ ತಿಳಿಯಿತು. ಈ ಸ್ಥಿತಿಗೆ ಇಂಗ್ಲಿಷರು 'ಇನ್ ಐರನ್ಸ್' ಎನ್ನುತ್ತಾರೆ. ಕಾಲಿಗೆ ಕೋಳ ಹಾಕಿದ ಹಾಗೆ.

ವೇರ್ ಮಾಡಿದರೆ ಈ ಭಯ ಇಲ್ಲ. ಆದರೆ ಗಾಳಿಯ ಕೆಳಕ್ಕೆ ಸಾಕಷ್ಟು ದೂರ ಜಾರಿಹೋಗುತ್ತೀರಿ. ಗಾಳಿ ಜೋರಿದ್ದಾಗ, ಜನ ಕಡಿಮೆ ಇದ್ದಾಗ ಅದೇ ಕ್ಷೇಮ. ನಮ್ಮ ಅರಬ್ಬಿ ಕಡಲಿನ ಮುಮ್ಮೂಲೆ ಹಾಯಿಯ ಹಡಗುಗಳೂ ಹೀಗೆಯೇ ತಿರುಗುತ್ತಿದ್ದವು. ಆ ಹಾಯಿಯ ಅಡ್ಡಮರ ಬಹಳ ಉದ್ದ, ಬಹಳ ಭಾರ. ಅದನ್ನು ಕಂಬದ ಮುಂದಿನಿಂದ ಸುತ್ತಿಸಿ ಆಚೆ ಬದಿಗೆ ತರಬೇಕು. ಗಾಳಿ ಬೆನ್ನಿಗಿದ್ದರೆ ಮಾತ್ರ ಆಗುವ ಕೆಲಸ.

ನಿಮ್ಮ ಅನುವಾದಕ್ಕೆ ನನ್ನ ಸಲಹೆ: ಒಂದಕ್ಕೆ 'ಗಾಳಿಗೆ ಮೋರೆ ಕೊಟ್ಟು ತಿರುಗಿದೆವು', ಇನ್ನೊಂದಕ್ಕೆ 'ಗಾಳಿಗೆ ಬೆನ್ನು ಕೊಟ್ಟು ತಿರುಗಿದೆವು'. ದಿನಚರಿಯಲ್ಲಿ ಮೂರು ದಿನ ಟ್ಯಾಕ್ ಎಂದು ಬರೆದವನು ನಾಲ್ಕನೇ ದಿನ ವೇರ್ ಎಂದು ಬರೆದರೆ, ಗಾಳಿ ಕೆಟ್ಟಿರಬೇಕು, ಅಥವಾ ಹಾಯಿಯ ಕೆಲಸಕ್ಕೆ ಕಂಬ ಹತ್ತುವವರಿಗೆ ಹುಷಾರಿಲ್ಲದಿರಬೇಕು. ಎರಡಕ್ಕೂ ಒಂದೇ ಮಾತು ಬರೆದರೆ ಆ ಸುದ್ದಿ ಓದುಗರಿಗೆ ಸಿಗುವುದೇ ಇಲ್ಲ. ಇನ್ನೊಂದು ಎಚ್ಚರ. 'ಸ್ಟಾರ್‌ಬೋರ್ಡ್ ಟ್ಯಾಕ್' ಎಂದು ಬಂದರೆ ಅಲ್ಲಿ ತಿರುಗುವ ಮಾತೇ ಇಲ್ಲ. ಗಾಳಿ ಬಲಬದಿಯಿಂದ ಬರುತ್ತಿದೆ ಎಂದಷ್ಟೇ ಅರ್ಥ.

ಪ್ರಶ್ನೆ: ನನ್ನ ಮಗ ಹಡಗಿಗೆ ಸೇರಿ ಐದು ತಿಂಗಳಾಯಿತು. ಮೊನ್ನೆ ಫೋನಿನಲ್ಲಿ 'ವಿಲಿಯಮ್ಸನ್ ಟರ್ನ್ ಅಭ್ಯಾಸ ಮಾಡಿದೆವು, ಯಾರಾದರೂ ನೀರಿಗೆ ಬಿದ್ದರೆ ಮಾಡುವುದು' ಎಂದ. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಅಷ್ಟು ದೊಡ್ಡ ಹಡಗು ಹಿಂದೆ ಬರಲು ಆಗುತ್ತದೆಯೇ ಅಣ್ಣ?
— ಒಬ್ಬ ತಾಯಿ, ಪೆರ್ಲ

ಉತ್ತರ: ಆಗುತ್ತದೆ ತಂಗೀ. ಅದಕ್ಕೇ ಅಭ್ಯಾಸ ಮಾಡುವುದು. ಅಭ್ಯಾಸ ಮಾಡಿಸುವ ಹಡಗಿನಲ್ಲಿ ಮಗ ಇದ್ದಾನೆ ಎಂದರೆ ನಾನಾದರೆ ಸಮಾಧಾನ ಪಡುತ್ತೇನೆ.

ಹಡಗಿಗೆ ಬಸ್ಸಿನ ಹಾಗೆ ಬ್ರೇಕ್ ಇಲ್ಲ. ಪೂರ್ತಿ ಓಟದಲ್ಲಿರುವ ಹಡಗು ಇಂಜಿನನ್ನು ಹಿಂದಕ್ಕೆ ಹಾಕಿದರೆ ತನ್ನ ಉದ್ದದ 15 ಪಟ್ಟಿನೊಳಗೆ ನಿಲ್ಲಬೇಕು ಎನ್ನುವುದು ಅಂತರರಾಷ್ಟ್ರೀಯ ಅಳತೆ. 200 ಮೀಟರ್ ಹಡಗಾದರೆ ಅದೇ ಮೂರು ಕಿಲೋಮೀಟರ್ ಆಯಿತು. ಹಾಗಾಗಿ ನಿಲ್ಲಿಸುವುದಕ್ಕಿಂತ ತಿರುಗುವುದೇ ಬೇಗ. ರಾತ್ರಿಯೋ ಮಂಜೋ ಇದ್ದು ಬಿದ್ದವನು ಕಾಣದಿದ್ದರೆ, ಬಂದ ದಾರಿಯಲ್ಲೇ ಸರಿಯಾಗಿ ಹಿಂದೆ ಹೋಗಬೇಕು. ವಿಲಿಯಮ್ಸನ್ ಟರ್ನ್ ಇರುವುದು ಅದಕ್ಕೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾ ಅಧಿಕಾರಿ ಜಾನ್ ವಿಲಿಯಮ್ಸನ್ ರೂಢಿಗೆ ತಂದದ್ದು.

ಹಡಗು ಮೂಡು ದಿಕ್ಕಿಗೆ ಹೋಗುತ್ತಿದೆ ಎಂದು ಇಟ್ಟುಕೊಳ್ಳಿ. ಒಬ್ಬ ಬಲಬದಿಯಿಂದ ಬಿದ್ದ. ಆಗ ಮೊದಲ ಆಜ್ಞೆ 'ಹಾರ್ಡ್ ಎ ಸ್ಟಾರ್‌ಬೋರ್ಡ್', ಅವನು ಬಿದ್ದ ಬದಿಗೇ. ಕೇಳಿದರೆ ಎದೆ ಝಲ್ ಎನ್ನುತ್ತದೆ, ಅವನ ಮೇಲೇ ಹೋದ ಹಾಗೆ ಆಗುವುದಿಲ್ಲವೇ ಎಂದು. ಆಗುವುದಿಲ್ಲ. ಮೋರೆ ಬಲಕ್ಕೆ ಹೋದರೆ ಹಿಂಭಾಗ ಎಡಕ್ಕೆ ಸರಿಯುತ್ತದೆ. ಕೆಳಗೆ ತಿರುಗುತ್ತಿರುವ ದೊಡ್ಡ ಪಂಕ, ನಾವು ಪ್ರೊಪೆಲ್ಲರ್ ಎನ್ನುವುದು, ಅವನಿಂದ ದೂರ ಹೋಗುತ್ತದೆ. ಆಮೇಲೆ ಮೋರೆ ತೆಂಕಿಗೆ ಓರೆಯಾಗಿ 60 ಡಿಗ್ರಿ ತಿರುಗಿದ ಕೂಡಲೇ ಚಕ್ರವನ್ನು ಪೂರ್ತಿ ಎಡಕ್ಕೆ. ಹಡಗು ಮೂಡನ್ನು ದಾಟಿ, ಬಡಗನ್ನು ದಾಟಿ, ಪಡುವಿನ ಕಡೆಗೆ ಸುತ್ತಿ ಬರುತ್ತದೆ. ಪಡುವಿಗೆ ಇನ್ನು 20 ಡಿಗ್ರಿ ಇರುವಾಗ 'ಮಿಡ್‌ಶಿಪ್ಸ್'. ಉಳಿದದ್ದನ್ನು ಹಡಗೇ ತಿರುಗುತ್ತದೆ. ಈಗ ಹೊರಟ ದಾರಿಯ ಮೇಲೆಯೇ ನೀವು ತಿರುಗಿ ನಿಂತಿದ್ದೀರಿ.

ಅಭ್ಯಾಸದ ದಿನ ನೀರಿಗೆ ಒಂದು ಬೊಂಬೆ ಎಸೆಯುತ್ತೇವೆ. ಅದಕ್ಕೆ 'ಆಸ್ಕರ್' ಎಂದು ಹೆಸರು. ಮನುಷ್ಯ ನೀರಿಗೆ ಬಿದ್ದಿದ್ದಾನೆ ಎಂದು ಹಾರಿಸುವ ಕೆಂಪು ಹಳದಿ ಬಾವುಟಕ್ಕೂ ಅದೇ ಹೆಸರು. ಬಿದ್ದವನು ಹಿಡಿದು ತೇಲಲು ಇರುವ, ಹೊಗೆ ಬಿಡುವ ಲೈಫ್‌ಬಾಯ್ ಕೂಡಲೇ ನೀರಿಗೆ ಹೋಗುತ್ತದೆ. ಉದ್ದದ ಹಾರ್ನ್ ಮೂರು ಸಲ. ಇಷ್ಟರ ನಡುವೆ ಒಬ್ಬನ ಕೆಲಸ ಮಾತ್ರ ಬೇರೆ. ಅವನು ಹಗ್ಗ ಮುಟ್ಟುವುದಿಲ್ಲ, ದೋಣಿ ಇಳಿಸುವುದಿಲ್ಲ. ಬಿದ್ದವನ ಕಡೆಗೆ ಕೈ ಚಾಚಿ ತೋರಿಸುತ್ತ ನಿಲ್ಲುತ್ತಾನೆ. ಹಡಗು ಹೇಗೆ ತಿರುಗಿದರೂ ಅವನ ಕೈ ಅಲ್ಲೇ. ಯಾರು ಕರೆದರೂ ಕಣ್ಣು ಕೀಳಬಾರದು. ಅಲೆಗಳ ನಡುವೆ ಒಂದು ತಲೆ ತೆಂಗಿನಕಾಯಿಯಷ್ಟು ಸಹ ಕಾಣುವುದಿಲ್ಲ ತಂಗೀ. ಒಮ್ಮೆ ಕಣ್ಣು ತಪ್ಪಿದರೆ ಮತ್ತೆ ಹುಡುಕುವುದು ಬಹಳ ಕಷ್ಟ. ನಾನು ಆ ಕೆಲಸಕ್ಕೆ ನಿಂತ ದಿನಗಳಲ್ಲಿ ಸಂಜೆ ತನಕ ಭುಜ ನೋಯುತ್ತಿತ್ತು.

ಮುಂದಿನ ಸಲ ಮಗ ಫೋನ್ ಮಾಡಿದಾಗ ಹೀಗೆ ಕೇಳಿ: ಡೆಕ್ಕಿನ ಮೇಲೆ ಹೋಗುವಾಗ ಲೈಫ್‌ಜಾಕೆಟ್ ಹಾಕುತ್ತೀಯಾ, ಅಂಚಿನಲ್ಲಿ ಕೆಲಸ ಇದ್ದಾಗ ಬೆಲ್ಟ್ ಕಟ್ಟುತ್ತೀಯಾ, ಒಬ್ಬನೇ ಹೋಗುತ್ತೀಯಾ ಎಂದು. ಅಮ್ಮ ಕೇಳಿದ್ದು ಹುಡುಗರಿಗೆ ನೆನಪಿರುತ್ತದೆ.

ಪ್ರಶ್ನೆ: ಹಡಗಿಗೆ ಬೈಕಿನ ಹಾಗೆ ಇಂಡಿಕೇಟರ್ ಉಂಟಾ ಅಜ್ಜ?
— ಆರನೇ ತರಗತಿ, ಮೊಗ್ರಾಲ್

ಉತ್ತರ: ಉಂಟು ಪುಟ್ಟ, ಆದರೆ ಅದು ಕೂಗುವ ಇಂಡಿಕೇಟರ್. ಎದುರು ಬದುರು ಕಾಣುವಷ್ಟು ಹತ್ತಿರ ಇದ್ದಾಗ ಒಂದು ಸಣ್ಣ ಹಾರ್ನ್ ಹೊಡೆದರೆ 'ನಾನು ಬಲಕ್ಕೆ ತಿರುಗುತ್ತಿದ್ದೇನೆ'. ಎರಡು ಹೊಡೆದರೆ 'ಎಡಕ್ಕೆ'. ಮೂರು ಹೊಡೆದರೆ 'ಇಂಜಿನ್ ಹಿಂದಕ್ಕೆ ಹಾಕಿದ್ದೇನೆ'. ಸಣ್ಣದು ಎಂದರೆ ಒಂದು ಸೆಕೆಂಡಿನಷ್ಟು. ಎರಡು ಇಂಜಿನ್ ಹಡಗುಗಳು ಸೀದಾ ಎದುರು ಬದುರು ಬಂದರೆ ಇಬ್ಬರೂ ಬಲಕ್ಕೆ ತಿರುಗಬೇಕು. ನಮ್ಮ ರಸ್ತೆಯಲ್ಲಿ ಎಡಕ್ಕೆ ಸರಿಯುತ್ತೇವಲ್ಲ, ಅಲ್ಲಿ ಅದರ ಉಲ್ಟಾ. ಇನ್ನು ಬೇಗ ಬೇಗ ಐದು ಸಲ ಹೊಡೆದರೆ ಅದರ ಅರ್ಥ: 'ನೀನು ಏನು ಮಾಡುತ್ತಿದ್ದೀಯಾ ಎಂದು ನನಗೆ ಗೊತ್ತಾಗುತ್ತಿಲ್ಲ.'